ಒಂದು 'ಎಫ್' ಬಿಟ್ಟರೆ ಏನಾಗುತ್ತೆ?

ಸಿ ಭಾಷೆಯ ಗಣಿತ ಲೈಬ್ರರಿಯ ಕೋಡ್ ರಿವ್ಯೂ ಮಾಡುವಾಗ ನಾನು ಪದೇಪದೇ ಬರೆಯುವ ಮಾತು ಒಂದೇ: "0.1 ಅಲ್ಲ, 0.1ಎಫ್ ಮಾಡಿ." ದಶಾಂಶ ಸಂಖ್ಯೆ ಇಡಲು ಸಿ ಯಲ್ಲಿ ಮುಖ್ಯವಾಗಿ ಎರಡು ಬಗೆ: ಚಿಕ್ಕದಾದ ಫ್ಲೋಟ್, ಹೆಚ್ಚು ಜಾಗ ಹಿಡಿಯುವ, ಹೆಚ್ಚು ನಿಖರವಾದ ಡಬಲ್. ಕೊನೆಯ 'ಎಫ್' ಎಂದರೆ 'ಇದು ಫ್ಲೋಟ್' ಎಂದರ್ಥ. ನನ್ನ ಮಾತಿಗೆ ಬರುವ ಮರುಪ್ರಶ್ನೆಯೂ ಒಂದೇ: "ಡಬಲ್ ಜಾಸ್ತಿ ನಿಖರ ಅಲ್ವಾ? ಫ್ಲೋಟ್ ಫಂಕ್ಷನ್ ಒಳಗೆ ಸ್ವಲ್ಪ ಡಬಲ್ ನುಸುಳಿದರೆ ಏನು ನಷ್ಟ?"

ನಷ್ಟ ಇದೆ. ಬೇಜಾರಿನ ಸಂಗತಿ ಎಂದರೆ, ಆ ನಷ್ಟಕ್ಕೆ ತಕ್ಕ ಲಾಭವೂ ಹೆಚ್ಚಿನ ಸಲ ಸಿಗುವುದಿಲ್ಲ.

ಸಿ ಯಲ್ಲಿ 0.1 ಎಂದು ಸುಮ್ನೆ ಬರೆದರೆ ಅದು ಡಬಲ್. ಲೆಕ್ಕದಲ್ಲಿ ಒಂದು ಕಡೆ ಡಬಲ್ ಇದ್ದರೆ ಇನ್ನೊಂದು ಕಡೆಯ ಫ್ಲೋಟ್ ಕೂಡ ಡಬಲ್ ಆಗಲೇಬೇಕು. ಉತ್ತರವನ್ನು ಫ್ಲೋಟ್‌ನಲ್ಲಿ ಇಡುವುದಾದರೆ ಮತ್ತೆ ಕೆಳಗಿಳಿಸಬೇಕು. ಹಾಗಾಗಿ ಎಕ್ಸ್ ಫ್ಲೋಟ್ ಆಗಿದ್ದರೆ, ಎಕ್ಸ್86 ಪ್ರೊಸೆಸರ್‌ನಲ್ಲಿ ಎಕ್ಸ್ * 0.1 ಗೆ ಮೂರು ಇನ್‌ಸ್ಟ್ರಕ್ಷನ್ ಬೇಕು: ಏರಿಸು, ಗುಣಿಸು, ಇಳಿಸು. 0.1ಎಫ್ ಬರೆದರೆ ಗುಣಾಕಾರ ಒಂದೇ.

ಎಫ್ ಇಲ್ಲದೆ ಬರೆಯುವ ಅಭ್ಯಾಸಕ್ಕೆ ಹಳೇ ಕಾರಣವೂ ಇದೆ. ಮೊದಲಿನ ಸಿ ಯಲ್ಲಿ ಫ್ಲೋಟ್ ಲೆಕ್ಕವೆಲ್ಲ ಡಬಲ್‌ನಲ್ಲೇ ನಡೆಯುತ್ತಿತ್ತು. 1989ರ ಸ್ಟ್ಯಾಂಡರ್ಡ್ ಫ್ಲೋಟ್‌ನಲ್ಲೇ ಲೆಕ್ಕ ಮಾಡಲು ಬಿಟ್ಟಿತು. ಸೈನ್, ಕೊಸೈನ್‌ಗಳ ಫ್ಲೋಟ್ ಫಂಕ್ಷನ್‌ಗಳಾದ ಸಿನ್‌ಎಫ್, ಕಾಸ್‌ಎಫ್ ಅಧಿಕೃತವಾಗಿ ಬಂದದ್ದು 1999ರಲ್ಲಿ.

ಅಸಲಿ ತಮಾಷೆ ಇರುವುದು ಪಾಲಿನಾಮಿಯಲ್ (ಬಹುಪದಿ) ಲೆಕ್ಕದಲ್ಲಿ. ಲೂಪ್ ಒಳಗೆ ಆರ್ = ಆರ್ * ಎಕ್ಸ್ + 0.1666667 ಎಂಬ ಸಾಲು ಇದೆ ಎನ್ನಿ. ಆರ್, ಎಕ್ಸ್ ಎರಡೂ ಫ್ಲೋಟ್. ನೋಡಿ, ಗುಣಾಕಾರ ಫ್ಲೋಟ್‌ನಲ್ಲೇ ಮುಗಿದುಹೋಗುತ್ತದೆ. ಫ್ಲೋಟ್‌ನ ನಿಖರತೆಯಾದ 24 ಬಿಟ್‌ಗೆ ರೌಂಡ್ ಆಗಿ, ಕಳೆಯಬೇಕಾದದ್ದು ಕಳೆದೇ ಹೋಗಿರುತ್ತದೆ. ಆಮೇಲೆ ಅದನ್ನು 53 ಬಿಟ್‌ನ ಡಬಲ್‌ಗೆ ಏರಿಸಿ ಕೂಡುತ್ತೇವೆ, ತಕ್ಷಣ ಮತ್ತೆ 24ಕ್ಕೆ ಇಳಿಸುತ್ತೇವೆ. ಒಂದು ಹೆಜ್ಜೆಯ ಉತ್ತರ ಬಾರದೆ ಮುಂದಿನದು ಶುರುವಾಗುವುದಿಲ್ಲವಾದ್ದರಿಂದ ಈ ಏರಿಳಿತದ ಸಮಯವೆಲ್ಲ ಒಂದರ ಮೇಲೊಂದು ಸೇರುತ್ತದೆ. ಡಬಲ್‌ನ ಖರ್ಚು, ಫ್ಲೋಟ್‌ನ ನಿಖರತೆ! ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಲೂಪನ್ನು ವೆಕ್ಟರ್ ಮಾಡಿದರೂ, ಅಂದರೆ ಹಲವು ಸಂಖ್ಯೆಗಳ ಲೆಕ್ಕ ಒಟ್ಟಿಗೆ ಮಾಡಿಸಿದರೂ, ನಷ್ಟವೇ. 128 ಬಿಟ್ ರಿಜಿಸ್ಟರ್‌ನಲ್ಲಿ ಫ್ಲೋಟ್ ನಾಲ್ಕು ಹಿಡಿಸುತ್ತವೆ, ಡಬಲ್ ಎರಡೇ.

"ಕಂಪೈಲರ್ ತಾನೇ ಸರಿಮಾಡಿಕೊಳ್ಳಲ್ವಾ?" ಕೆಲವು ಸಲ ಮಾಡುತ್ತದೆ. 0.5 ಎರಡೂ ಬಗೆಯಲ್ಲಿ ಚೂರೂ ವ್ಯತ್ಯಾಸವಿಲ್ಲದೆ ಕೂರುವ ಸಂಖ್ಯೆ. ಎಕ್ಸ್ * 0.5 ರ ಉತ್ತರ ಫ್ಲೋಟ್‌ಗೇ ಹೋಗುವುದಾದರೆ, ಹೇಗೆ ಮಾಡಿದರೂ ಉತ್ತರ ಒಂದೇ ಎಂದು ಜಿಸಿಸಿ ಎಂಬ ಕಂಪೈಲರ್‌ಗೆ ಗೊತ್ತು. ಅದು ಪರಿವರ್ತನೆಯನ್ನು ಕಿತ್ತುಹಾಕುತ್ತದೆ. 0.1 ಹಾಗಲ್ಲ. ಫ್ಲೋಟ್‌ನಲ್ಲಿ ಅದು ಸುಮಾರು 0.1000000015. ಫ್ಲೋಟ್‌ಗೆ 0.1 ಹಾಕಿ, 0.1 ಗೆ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದಲ್ಲ, ಅದಕ್ಕೂ ಕಾರಣ ಇದೇ. ಎಫ್ ಸೇರಿಸಿದರೆ ಉತ್ತರದ ಕೊನೆಯ ಬಿಟ್ ಬದಲಾಗಬಹುದು. ಆ ಸ್ವಾತಂತ್ರ್ಯ ಕಂಪೈಲರ್‌ಗಿಲ್ಲ, ನಮಗಿದೆ.

ನಾನೂ ಒಮ್ಮೆ ಎಡವಿದ್ದೇನೆ. ಕಾರ್ಟೆಕ್ಸ್-ಎಂ4 ಎಂಬ ಚಿಕ್ಕ ಪ್ರೊಸೆಸರ್ ಇರುವ ಬೋರ್ಡ್‌ಗೆ ಡಿಗ್ರಿಯನ್ನು ರೇಡಿಯನ್ ಮಾಡುವ ಒಂದೇ ಸಾಲು ಬರೆದಿದ್ದೆ: ಎಕ್ಸ್ * 3.14159265 / 180.0. ಆ ಚಿಪ್‌ನ ಎಫ್‌ಪಿಯುಗೆ (ದಶಾಂಶ ಲೆಕ್ಕ ಮಾಡುವ ಹಾರ್ಡ್‌ವೇರ್ ಭಾಗ) ಗೊತ್ತಿರುವುದು ಫ್ಲೋಟ್ ಮಾತ್ರ. ಅಸೆಂಬ್ಲಿ ತೆಗೆದು ನೋಡಿದರೆ ನಾಲ್ಕು ಫಂಕ್ಷನ್ ಕಾಲ್: ಡಬಲ್‌ಗೆ ಏರಿಸಲು ಒಂದು, ಗುಣಿಸಲು ಒಂದು, ಭಾಗಿಸಲು ಒಂದು, ಇಳಿಸಲು ಒಂದು. ಎಲ್ಲವೂ ಸಾಫ್ಟ್‌ವೇರ್‌ನಲ್ಲಿ. ಎಫ್ ಹಾಕಿ, ಎರಡು ಸ್ಥಿರಸಂಖ್ಯೆಗಳನ್ನೂ ಒಂದೇ ಬ್ರಾಕೆಟ್‌ಗೆ ಸೇರಿಸಿದೆ. ಉಳಿದದ್ದು ಒಂದೇ ಗುಣಾಕಾರ.

ಹಾಗಂತ ಡಬಲ್ ಕಂಡರೆ ಹೊಡೆದೋಡಿಸಬೇಕು ಎಂದಲ್ಲ. ಜಿಎನ್‌ಯು ಸಿ ಲೈಬ್ರರಿಯ ಈಗಿನ ಸಿನ್‌ಎಫ್, ಎಕ್ಸ್‌ಪಿಎಫ್ (ಘಾತಾಂಕದ ಫ್ಲೋಟ್ ಫಂಕ್ಷನ್) ಒಳಗೆ ಬೇಕೆಂದೇ ಡಬಲ್ ಬಳಸುತ್ತವೆ. ಒಮ್ಮೆ ಏರಿಸಿ, ಇಡೀ ಲೆಕ್ಕ ಅಲ್ಲೇ ಮುಗಿಸಿ, ಕೊನೆಗೆ ಒಮ್ಮೆ ಇಳಿಸುತ್ತವೆ. ಡಬಲ್ ಹಾರ್ಡ್‌ವೇರ್ ಇರುವಲ್ಲಿ ಇದು ಒಳ್ಳೇ ವ್ಯಾಪಾರ. ನನ್ನ ತಕರಾರು ಪ್ರತಿ ಸಾಲಿಗೂ ಹತ್ತಿ ಇಳಿಯುವುದರ ಬಗ್ಗೆ.

ಹುಡುಕುವುದು ಕಷ್ಟವಲ್ಲ. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ 'ಡಬಲ್-ಪ್ರಮೋಷನ್' ಎಂಬ ವಾರ್ನಿಂಗ್ ಇದೆ. ಅದನ್ನು ಆನ್ ಮಾಡಿ. ತೆರೆಯ ಮೇಲೆ ಬರೆಯುವ ಪ್ರಿಂಟ್‌ಎಫ್ ಫಂಕ್ಷನ್‌ಗೆ ಫ್ಲೋಟ್ ಕೊಟ್ಟಾಗಲೂ ಅದು ಕೂಗಬಹುದು. ಅಲ್ಲಿ ಡಬಲ್ ಆಗುವುದು ಭಾಷೆಯ ನಿಯಮ, ತಪ್ಪಿಸಲಾಗದು. ಬೇಕೆಂದೇ ಏರಿಸುವ ಕಡೆ ಕಾಸ್ಟ್ (ಪರಿವರ್ತನೆ ಬೇಕೆಂದು ಕೋಡ್‌ನಲ್ಲೇ ಹೇಳುವುದು) ಬರೆದುಬಿಡಿ. ವಾರ್ನಿಂಗ್ ಸುಮ್ಮನಾಗುತ್ತದೆ, ರಿವ್ಯೂನಲ್ಲಿ ನಾನೂ ಸುಮ್ಮನಿರುತ್ತೇನೆ.