ಟ್ಯಾಂಕ್ ಕಟ್ಟೋಕೆ ಹೋಗಿ ಹಾವು ಎಣಿಸಿದ್ದು

ಜೂನ್ 17, 2023, ಶನಿವಾರ

ಟ್ಯಾಂಕ್ ಬಂತು. 1,500 ಗ್ಯಾಲನ್, ಅಂದ್ರೆ ಸುಮಾರು 5,700 ಲೀಟರ್ ಹಿಡಿಯುವ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್. ಕೊಟ್ಟಿಗೆ ಪಕ್ಕ ನೆಲ ಮಟ್ಟ ಮಾಡಿ, ಜಲ್ಲಿ ಹಾಸಿ ಕೂರಿಸಿದ್ದಾಯ್ತು. ಕೊಟ್ಟಿಗೆಯ ತಗಡಿನ ಚಾವಣಿ 20 ಅಡಿಗೆ 24 ಅಡಿ. ಒಂದು ಇಂಚು ಮಳೆ ಬಿದ್ರೆ ಸುಮಾರು 300 ಗ್ಯಾಲನ್ ಸಿಗುತ್ತೆ. ಐದು ಇಂಚು ಬಿದ್ರೆ ಟ್ಯಾಂಕ್ ಭರ್ತಿ.

ಆ ಐದು ಇಂಚು ಯಾವಾಗ ಬೀಳುತ್ತೆ ಅನ್ನೋದು ಬೇರೆ ವಿಷಯ. ಹೋದ ವರ್ಷ ಬರ, ಈ ವರ್ಷವೂ ಅದೇ ದಾರಿ ಹಿಡಿದಿದೆ. "ಮಳೆ ಇಲ್ಲದ ವರ್ಷ ಮಳೆನೀರಿನ ಟ್ಯಾಂಕ್ ಕೂರಿಸೋನು ಇಡೀ ಟೆಕ್ಸಸ್‌ಗೆ ನೀನೊಬ್ನೇ ಇರ್ಬೇಕು" ಅಂದಳು ನಮ್ಮಾಕೆ.

ಜಾಗ ಇರೋದು ಆಸ್ಟಿನ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆ ದಾರಿ, ಜಾನ್ಸನ್ ಸಿಟಿ ಹತ್ತಿರ. 14 ಎಕರೆ. ಇದನ್ನು ರ‍್ಯಾಂಚ್ ಅಂದ್ರೆ ಸುತ್ತಮುತ್ತಲವರು ನಗ್ತಾರೆ. ಸುಣ್ಣಕಲ್ಲು, ಸೀಡರ್ ಗಿಡ, ಪಾಪಾಸುಕಳ್ಳಿ, ಒಂದು ಬೋರ್‌ವೆಲ್, 11 ಮೇಕೆ. ನಾನು ವಾರವೆಲ್ಲ ಕಂಪ್ಯೂಟರ್ ಮುಂದೆ, ಶನಿವಾರ ಭಾನುವಾರ ಇಲ್ಲಿ. ಉಳಿದ ದಿನ ಪಕ್ಕದ ರ‍್ಯಾಂಚಿನ ಅಜ್ಜ ಒಂದು ಸುತ್ತು ಬಂದು ಮೇಕೆ ನೋಡಿಕೊಳ್ತಾರೆ.

ಮುಂದಿನ ವಾರ: ಚಾವಣಿ ಅಂಚಿಗೆ ತಗಡಿನ ದೋಣಿ ಕಟ್ಟಬೇಕು. ಅದರಿಂದ ಟ್ಯಾಂಕಿಗೆ ಪೈಪ್ ಎಳೆಯಬೇಕು.

ಜುಲೈ 1

ದೋಣಿ ಅರ್ಧ ಆಯ್ತು. ಇನ್ನರ್ಧ ಆಗದಿದ್ದಕ್ಕೆ ಕಾರಣ ಇದೆ.

ಮೇಕೆಗಳು ಕುಡಿಯುವ ಬಾನಿಯ ಫ್ಲೋಟ್ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳಲ್ಲ. ಅಂಚಿನಿಂದ ತೊಟ್ಟು ತೊಟ್ಟಾಗಿ ನೀರು ಇಳಿಯುತ್ತೆ. ತಿಂಗಳಿಂದ ಗೊತ್ತಿತ್ತು, ಇವತ್ತು ನಾಳೆ ಅಂತ ಬಿಟ್ಟಿದ್ದೆ. ಬಾನಿ ಸುತ್ತ ಮೂರಡಿ ಮಾತ್ರ ಹಸಿರು, ಮಿಕ್ಕ ನೆಲವೆಲ್ಲ ಹಪ್ಪಳ. ಬೆಳಗ್ಗೆ ಆರೂವರೆಗೆ ವಾಲ್ವ್ ನೋಡೋಣ ಅಂತ ಬಗ್ಗಿದೆ.

ಸದ್ದು ಶುರುವಾಯ್ತು.

ಸಿನಿಮಾದಲ್ಲಿ ಕೇಳಿಸುವ ಹಾಗೆ ಗಿಲ್ ಗಿಲ್ ಅಲ್ಲ ಅದು. ಕಾದ ಎಣ್ಣೆಗೆ ಹಸಿ ಕರಿಬೇವು ಬಿದ್ದಾಗ ಚುರ್ ಅನ್ನುತ್ತಲ್ಲ, ಆ ಸದ್ದು. ಆದ್ರೆ ಒಗ್ಗರಣೆ ಒಂದು ಗಳಿಗೆಗೆ ನಿಲ್ಲುತ್ತೆ, ಇದು ನಿಲ್ಲಲಿಲ್ಲ. ಎಲ್ಲಿಂದ ಬರ್ತಿದೆ ಅಂತಲೂ ಗೊತ್ತಾಗಲಿಲ್ಲ. ಬಾನಿಯ ತಗಡು ಸದ್ದನ್ನು ಸುತ್ತಲೂ ಎರಚ್ತಿತ್ತು. ಬಗ್ಗಿದ ಹಾಗೇ ನಿಂತೆ. ಆಮೇಲೆ ಕಂಡಿತು. ಬಾನಿ ಎತ್ತರಿಸೋಕೆ ಇಟ್ಟ ಎರಡು ಇಟ್ಟಿಗೆ ನಡುವೆ, ಹಸಿ ಮಣ್ಣಿನ ಮೇಲೆ, ಸಿಂಬೆ ಸುತ್ತಿಕೊಂಡು ಕೂತಿದೆ. ಮೈ ಮೇಲೆ ಧೂಳು ಬಣ್ಣದ ಹರಳು ಹರಳು ಗುರುತು. ಬಾಲದ ಕೊನೆಗೆ ಕಪ್ಪು ಬಿಳಿ ಪಟ್ಟೆ. ಆ ಪಟ್ಟೆ ಮುಗಿದ ಕಡೆ ಗಿಲಕಿ ನೆಟ್ಟಗೆ ನಿಂತು ನಡುಗ್ತಿದೆ. ಎಷ್ಟು ಜೋರು ಅಂದ್ರೆ ಅಲ್ಲಿ ಬಾಲವೇ ಕಾಣಲ್ಲ, ಮಸುಕು ಮಾತ್ರ.

ವೆಸ್ಟರ್ನ್ ಡೈಮಂಡ್‌ಬ್ಯಾಕ್ ರ‍್ಯಾಟಲ್‌ಸ್ನೇಕ್. ವಿಷದ ಹಾವು. ನನ್ನ ಮುಖಕ್ಕೂ ಅದಕ್ಕೂ ನಾಲ್ಕಡಿ ಇದ್ದಿರಬಹುದು. ಈ ಹಾವು ತನ್ನ ಉದ್ದದ ಅರ್ಧದಷ್ಟು ದೂರಕ್ಕೆ ಎರಗುತ್ತೆ ಅಂತ ಓದಿದ್ದೆ. ಇದು ಮೂರೂವರೆ ಅಡಿ ಇತ್ತು. ಲೆಕ್ಕ ಹಾಕಿದ್ರೆ ನಾನು ಸೇಫ್. ಲೆಕ್ಕ ಹಾಕಿದ್ದು ಮಾತ್ರ ಹತ್ತು ನಿಮಿಷದ ಮೇಲೆ, ಪಿಕಪ್ ಟ್ರಕ್ಕಿನ ಹಿಂದೆ ಹತ್ತಿ ಕೂತಾಗ.

ಮಗಳು ಅದಕ್ಕೆ "ಗಿಲಕಿ" ಅಂತ ಹೆಸರಿಟ್ಟಿದ್ದಾಳೆ. ಇನ್ಮೇಲೆ ಇಲ್ಲೂ ಅದೇ ಹೆಸರು.

ಜುಲೈ 15

ಟ್ಯಾಂಕಿನ ಕೆಲಸ ಏನೂ ಆಗಿಲ್ಲ. ಗಿಲಕಿ ನಂಬರ್ 2 ಮತ್ತು 3. ಒಂದು ಕೊಟ್ಟಿಗೆ ಬಾಗಿಲಲ್ಲಿ, ಇನ್ನೊಂದು ಫೀಡ್ ಚೀಲಗಳ ಹಿಂದೆ.

ಅಜ್ಜನನ್ನು ಕರೆದೆ. ಎಪ್ಪತ್ತು ದಾಟಿದವರು, ಹುಟ್ಟಿದ್ದು ಬೆಳೆದದ್ದೆಲ್ಲ ಇದೇ ಕೌಂಟಿ. ನಮ್ಮ ಪಕ್ಕದ ಪೆಡರ್ನಾಲೆಸ್ ನದಿಯನ್ನು ಇವರೆಲ್ಲ "ಪರ್ಡನಾಲಿಸ್" ಅಂತಾರೆ. ಹಾಗೆ ಅನ್ನದವರು ಹೊರಗಿನವರು ಅಂತ ಲೆಕ್ಕ. ಬಂದವರು ಹಾವಿನ ಕಡೆ ನೋಡಲೇ ಇಲ್ಲ. ಕೊಟ್ಟಿಗೆ ನೆಲ ನೋಡಿದರು. ಚೆಲ್ಲಿದ ಕಾಳನ್ನು ಬೂಟಿನ ತುದಿಯಲ್ಲಿ ತಳ್ಳಿ, "ನೀನು ಇಲಿ ಸಾಕ್ತಿದ್ದೀಯ" ಅಂದರು.

ಬರ ಬಂದ್ರೆ ಹಾವು ಜಾಸ್ತಿ ಆಗುತ್ತೆ ಅಂತ ನಾನು ತಿಳಿದಿದ್ದೆ. ಹಾವು ಜಾಸ್ತಿ ಆಗಲ್ಲ. ಎಲ್ಲವೂ ಒಂದೇ ಕಡೆ ಸೇರುತ್ತವೆ, ಅಷ್ಟೇ. ಹುಲ್ಲು ಒಣಗಿ ಬೀಜ ಇಲ್ಲ ಅಂದ್ರೆ ಇಲಿಗೆ ನನ್ನ 50 ಪೌಂಡಿನ ಫೀಡ್ ಚೀಲವೇ ಗತಿ. ಇಲಿ ಇದ್ದಲ್ಲಿಗೆ ಹಾವು. ಜೊತೆಗೆ ನೆರಳು, ಜೊತೆಗೆ ಸೋರುವ ಬಾನಿ. ಇಷ್ಟೂ ಅನುಕೂಲ ಮಾಡಿಕೊಟ್ಟವನು ನಾನೇ.

ಇನ್ನೊಂದು ವಿಷಯ ಹೇಳಿದರು. ಈ ಬಿಸಿಲಿಗೆ ಹಗಲು ಅವು ಹೊರಗೆ ಬರಲ್ಲ. ಕಾದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಸಿಕ್ಕಿಹಾಕಿಕೊಂಡ್ರೆ ಹಾವೂ ಸಾಯುತ್ತೆ. ಓಡಾಟವೆಲ್ಲ ಕತ್ತಲಾದ ಮೇಲೆ. ನಾನು ಹಗಲೆಲ್ಲ ಹುಷಾರಾಗಿದ್ದು, ರಾತ್ರಿ ಒಂಬತ್ತಕ್ಕೆ ಹವಾಯಿ ಚಪ್ಪಲಿಯಲ್ಲಿ ಬೋರ್ ಸ್ವಿಚ್ ಹಾಕೋಕೆ ಹೋಗ್ತಿದ್ದೆ.

ಜುಲೈ 29

ಇಲಿ ಕೆಲಸ. ಫೀಡ್ ಎಲ್ಲ ಮುಚ್ಚಳದ ತಗಡಿನ ಡ್ರಮ್ಮಿಗೆ ಹೋಯ್ತು. ಗೋಡೆ ಬುಡದ ಸಂದುಗಳಿಗೆ ಕಾಲಿಂಚಿನ ಕಬ್ಬಿಣದ ಜಾಲರಿ ಹೊಡೆದೆ. ಬಾನಿಗೆ ಹೊಸ ವಾಲ್ವ್. ಅಂಗಡಿಯವರು ತಪ್ಪು ಸೈಜ್ ಕೊಟ್ಟು ಎರಡು ಸಲ ಓಡಾಡಿಸಿದರು, 40 ಮೈಲಿ ದಂಡ.

ಕೊಟ್ಟಿಗೆ ಹಿಂದೆ ಪಾಪಾಸುಕಳ್ಳಿ ಮೆಳೆ ಇದೆ. ಅದರ ಬುಡದಲ್ಲಿ ಕಡ್ಡಿ, ಕಳ್ಳಿ ತುಂಡು, ಒಣ ಸಗಣಿ, ನನ್ನ ಕಳೆದುಹೋದ ಒಂದು ಕೈಗವಸು, ಎಲ್ಲ ಸೇರಿಸಿ ಮೊಣಕಾಲುದ್ದ ಗುಡ್ಡೆ. ಇಲ್ಲಿಯ ಕಾಡಿಲಿಯ ಮನೆ ಅದು. ಕಂಡದ್ದನ್ನೆಲ್ಲ ಎಳೆದು ತರುತ್ತೆ ಅಂತ ಇದಕ್ಕೆ ಪ್ಯಾಕ್‌ರ‍್ಯಾಟ್ ಅನ್ನೋ ಹೆಸರೂ ಇದೆ. ಇಲಿ ಕಟ್ಟಿದ ಮನೆಯಲ್ಲಿ ಗಿಲಕಿಯೂ ಹೋಗಿ ಮಲಗುತ್ತೆ. ನಮ್ಮಲ್ಲಿ ಗೆದ್ದಲು ಕಟ್ಟಿದ ಹುತ್ತಕ್ಕೆ ನಾಗರ ಹೋಗಲ್ವಾ, ಹಾಗೆ.

ಮೆಳೆಯನ್ನು ಸುಡೋಣ ಅಂದ್ರೆ ಕೌಂಟಿಯಲ್ಲಿ ಬೆಂಕಿ ಹಚ್ಚೋದು ನಿಷೇಧ. ದಕ್ಷಿಣ ಟೆಕ್ಸಸ್‌ನಲ್ಲಿ ಬರ ಬಂದಾಗ ಗ್ಯಾಸ್ ಬರ್ನರ್‌ನಿಂದ ಕಳ್ಳಿಯ ಮುಳ್ಳು ಸುಟ್ಟು ದನಕ್ಕೆ ಹಾಕ್ತಾರೆ. ಹಳೇ ಪದ್ಧತಿ. ನಾನು ಉದ್ದ ಹಿಡಿಯ ಗುದ್ದಲಿಯಲ್ಲಿ ದೂರ ನಿಂತು ಒಂದೊಂದೇ ಪಟ್ಟೆ ಕಡಿದೆ. ಸಂಜೆವರೆಗೆ ಕೈಯಲ್ಲಿ ಮುಳ್ಳು. ನಮ್ಮ ಚಳ್ಳಕೆರೆ ಕಡೆ ಹೊಲದ ಬೇಲಿಗೆ ಇದೇ ಕಳ್ಳಿ. ಅದು ಅಮೆರಿಕ ಖಂಡದಿಂದ ಬಂದ ಗಿಡ ಅಂತ ಇಲ್ಲಿಗೆ ಬರೋವರೆಗೂ ನನಗೆ ಗೊತ್ತಿರಲಿಲ್ಲ.

ಆಗಸ್ಟ್ 12

ತಪ್ಪೊಪ್ಪಿಗೆ. ಇವತ್ತು ಒಂದು ಹಾವನ್ನು ಸುಮ್ನೆ ಕೊಲ್ಲೋದರಲ್ಲಿದ್ದೆ.

ಓಕ್ ಮರದ ಕೆಳಗೆ ಒಣ ಎಲೆಯಲ್ಲಿ ಅದೇ ಸದ್ದು. ಕೈಯಲ್ಲಿ ಗುದ್ದಲಿ ಇತ್ತು, ಎತ್ತಿದೆ. ಅಷ್ಟರಲ್ಲಿ ಬಾಲ ಕಂಡಿತು. ಸಪೂರ, ಚೂಪು, ಗಿಲಕಿ ಇಲ್ಲವೇ ಇಲ್ಲ. ವಿಷ ಇಲ್ಲದ ಇಲಿಹಾವು. ಒಣ ಎಲೆಗೆ ಬಾಲ ಬಡಿದು ಗಿಲಕಿಯ ಹಾಗೆ ಸದ್ದು ಮಾಡ್ತಿತ್ತು. ನನಗೆ ಬೇಕಾಗಿರೋದು ಈ ಹಾವೇ, ಬಿಟ್ಟಿ ಇಲಿ ಹಿಡಿಯುವ ಆಳು. ಗುದ್ದಲಿ ಇಳಿಸಿ ಆ ಕಡೆಯಿಂದ ಸುತ್ತಿ ಹೋದೆ.

ನಂಬರ್ 4 ಮಾತ್ರ ನಿಜವಾದ ಗಿಲಕಿ, ಬಾನಿ ಹತ್ತಿರ. ಉದ್ದನೆ ಇಕ್ಕಳದಲ್ಲಿ ಹಿಡಿದು, ಮುಚ್ಚಳದ ಬಕೆಟ್ಟಿಗೆ ಹಾಕಿ, ಜಮೀನಿನ ಕೊನೆಗೆ ಬಿಟ್ಟರು ಅಜ್ಜ. ನಾನು ಮುಚ್ಚಳ ಹಿಡಿದುಕೊಂಡಿದ್ದೆ, ಅಷ್ಟೇ ನನ್ನ ಪಾಲು. ಹತ್ತಾರು ಮೈಲಿ ದೂರ ಬಿಡಬಹುದಲ್ಲ ಅಂದೆ. ಬೇಡ ಅಂದರು. ಗೊತ್ತಿಲ್ಲದ ಜಾಗಕ್ಕೆ ಬಿಟ್ರೆ ಅಡಗುವ ತಾವು ಹುಡುಕಿ ಅಲೆದಾಡಿಯೇ ಎಷ್ಟೋ ಹಾವು ಸಾಯ್ತವಂತೆ. ಅದರ ಬಾಲದ ಗಿಲಕಿಯಲ್ಲಿ ಒಂಬತ್ತು ಉಂಗುರ ಇತ್ತು. ಒಂಬತ್ತು ವರ್ಷವಾ ಅಂತ ಮಗಳು ಕೇಳಿದಳು. ಅಲ್ಲ. ಪೊರೆ ಬಿಟ್ಟಾಗೆಲ್ಲ ಒಂದು ಉಂಗುರ ಕೂಡುತ್ತೆ, ಪೊರೆ ವರ್ಷಕ್ಕೆ ಎರಡು ಮೂರು ಸಲ ಬಿಡಬಹುದು. ಹಳೇ ಉಂಗುರ ಮುರಿದೂ ಬೀಳುತ್ತೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೂ ಅದರಿಂದಲೇ, ಕೆರಾಟಿನ್.

ಆಗಸ್ಟ್ 21, ಸೋಮವಾರ

ರಜೆ ಹಾಕಿ ಬಂದಿದ್ದೆ. ಪೈಪ್ ಊರೋಕೆ ಕಾಲುವೆ ತೋಡೋ ಪ್ಲಾನ್. ಬೆಳಗ್ಗೆ ಅಮ್ಮನ ಫೋನ್.

"ಇವತ್ತು ನಾಗರಪಂಚಮಿ ಕಣೋ. ನೆಲ ಅಗೀಬೇಡ."

"ಅಮ್ಮಾ, ಇಲ್ಲಿ ರಜೆ ಸಿಗೋದೇ ಕಷ್ಟ."

"ನಿನ್ ರಜೆ ಹಾಳಾಗ್ ಹೋಗ್ಲಿ. ಅಷ್ಟೊಂದು ಹಾವು ಇಟ್ಕೊಂಡು ಇವತ್ತೇ ಗುದ್ದಲಿ ಹಿಡೀತೀಯಾ?"

ಹಿಡಿಯಲಿಲ್ಲ. ನಂಬಿಕೆ ಅನ್ನೋದಕ್ಕಿಂತ, ಅಮ್ಮನ ಹತ್ತಿರ ಸುಳ್ಳು ಹೇಳೋಕೆ ಬರಲ್ಲ. ಅಲ್ಲೂ ಮಳೆ ಕೈಕೊಟ್ಟಿದೆ. ಶೇಂಗಾ ಬಾಡಿದೆ, ಅಪ್ಪ ಮಾತೇ ಆಡ್ತಿಲ್ಲ ಅಂದಳು. ಹುತ್ತಕ್ಕೆ ತನಿ ಎರೆದು ಬಂದಳಂತೆ. ನಿನ್ನ ಗಿಲಕಿಗೂ ಸೇರಿಸಿ ಎರೆದಿದ್ದೀನಿ ಅಂದಳು.

ಕಚ್ಚಿದ್ರೆ ಏನು ಗತಿ ಅಂತಲೂ ಕೇಳಿದಳು. ಹೇಳಿದೆ. ಇಡೀ ಅಮೆರಿಕದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಜನಕ್ಕೆ ವಿಷದ ಹಾವು ಕಚ್ಚುತ್ತೆ, ಸಾಯೋರು ಸುಮಾರು ಐದು ಜನ. ಆಸ್ಪತ್ರೆ ಹತ್ತಿರ, ಔಷಧಿ ಇದೆ. ಕುರಿಯ ರಕ್ತದಿಂದ ಮಾಡುವ ಕ್ರೋಫ್ಯಾಬ್, ಕುದುರೆಯದರಿಂದ ಮಾಡುವ ಅನಾವಿಪ್. ನಮ್ಮ ದೇಶದ ಇಂಜೆಕ್ಷನ್ ಇಲ್ಲಿ ನಡೆಯಲ್ಲ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಮಾಡಿದ್ದು. ಗಿಲಕಿ ಕೊಳಕುಮಂಡಲದ ದಾಯಾದಿ, ಆದ್ರೂ ವಿಷ ಬೇರೆ. ಔಷಧಿಯ ಒಂದೊಂದು ಸೀಸೆಗೂ ಸಾವಿರಾರು ಡಾಲರ್ ಬಿಲ್ ಆಗುತ್ತೆ, ಹತ್ತಾರು ಸೀಸೆ ಬೇಕಾಗಬಹುದು ಅನ್ನೋದನ್ನು ಮಾತ್ರ ಹೇಳಲಿಲ್ಲ.

ಫೋನ್ ಇಟ್ಟ ಮೇಲೆ ಒಂದು ಕೆಲಸ ಮಾಡಿದೆ. ಟ್ರಕ್ಕಿನ ಕೀ ಇನ್ಮೇಲೆ ಬಾಗಿಲ ಪಕ್ಕದ ಮೊಳೆಯಲ್ಲೇ. ಕಚ್ಚಿದ್ರೆ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಉಂಗುರ ವಾಚು ತೆಗೆದು ಆಸ್ಪತ್ರೆಗೆ ಹೋಗೋದು. ಮನೆಯವರಿಗೆಲ್ಲ ಇದನ್ನೇ ಬಾಯಿಪಾಠ ಮಾಡಿಸಿದ್ದೀನಿ.

ಇವತ್ತಿಗೆ ಆಸ್ಟಿನ್‌ನಲ್ಲಿ ಸತತ 45ನೇ ದಿನ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದೆ. ಸೆಲ್ಸಿಯಸ್‌ನಲ್ಲಿ ಸುಮಾರು 38. ಹಿಂದಿನ ದಾಖಲೆ 2011ರದು, 27 ದಿನ. ಬೋರ್‌ನಲ್ಲಿ ನೀರಿನ ಜೊತೆ ಗಾಳಿ ಬರ್ತಿದೆ. 11 ಮೇಕೆಗೆ ದಿನಕ್ಕೆ 30 ಗ್ಯಾಲನ್ ಬೇಕು. ಹೊಸ ಟ್ಯಾಂಕನ್ನು ಬೆರಳಲ್ಲಿ ತಟ್ಟಿದೆ, ಡಮರು ಬಾರಿಸಿದ ಹಾಗೆ ಕೇಳಿಸ್ತು.

ಸೆಪ್ಟೆಂಬರ್ 9

ನಂಬರ್ 5ರಿಂದ 9, ಒಂದೇ ಏಟಿಗೆ. ಮರಿಗಳು.

ಕಾಂಪೌಂಡ್ ಕಟ್ಟೋಕೆ ಅಂತ ಎರಡು ವರ್ಷದ ಹಿಂದೆ ಸುಣ್ಣಕಲ್ಲು ರಾಶಿ ಹಾಕಿಸಿದ್ದೆ. ಅದರ ನೆರಳಲ್ಲಿ ಒಂದಡಿಗಿಂತ ಚಿಕ್ಕವು, ಒಂದರ ಮೇಲೊಂದು. ಗಿಲಕಿ ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. ಮರಿಯ ಬಾಲದ ತುದಿಯಲ್ಲಿ ಅಂಗಿ ಗುಂಡಿಯಂಥ ಒಂದೇ ಒಂದು ಉಂಗುರ. ಬಾಲ ಅಲ್ಲಾಡಿಸ್ತವೆ, ಸದ್ದು ಬರಲ್ಲ, ಯಾಕಂದ್ರೆ ತಾಗೋಕೆ ಎರಡನೇ ಉಂಗುರ ಇಲ್ಲ. ಮರಿಯ ವಿಷವೇ ದೊಡ್ಡದಕ್ಕಿಂತ ಅಪಾಯ ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ಅದು ಸುಳ್ಳು, ದೊಡ್ಡದು ಬಿಡುವ ವಿಷ ಬಹಳ ಜಾಸ್ತಿ. ಆದ್ರೆ ಸದ್ದಿಲ್ಲದ ಗಿಲಕಿ ನನಗೆ ಇಷ್ಟ ಆಗಲಿಲ್ಲ.

ಅಜ್ಜನ ಕುದುರೆಗೆ ಹೋದ ವಾರ ಮೂತಿಗೆ ಕಚ್ಚಿತ್ತು. ಮುಖ ಊದಿ ಉಸಿರು ಕಟ್ಟುತ್ತೆ ಅಂತ, ವೆಟ್ ಬರೋವರೆಗೆ ಎರಡೂ ಮೂಗಿನ ಹೊಳ್ಳೆಗೆ ತೋಟದ ಪೈಪಿನ ತುಂಡು ತೂರಿಸಿ ಇಟ್ಟಿದ್ದರಂತೆ. ಕುದುರೆ ಉಳಿಯಿತು. ನಾನೂ ಎರಡು ತುಂಡು ಕತ್ತರಿಸಿ, ಅಂಚು ಉಜ್ಜಿ, ಕೊಟ್ಟಿಗೆಯಲ್ಲಿ ನೇತುಹಾಕಿದ್ದೀನಿ. ಮೇಕೆ ಮೂತಿಗೆ ಹಿಡಿಸುವ ಸಣ್ಣ ಪೈಪಿನವು.

ಕಲ್ಲು ರಾಶಿ ಸಾಗಿಸಬೇಕು. ಈಗಲ್ಲ. ಚಳಿ ಬರಲಿ.

ಅಕ್ಟೋಬರ್ ಕೊನೆಯ ವಾರ

ಗುರುವಾರ ಮಧ್ಯಾಹ್ನ ಹವಾಮಾನ ನೋಡಿ ಲ್ಯಾಪ್‌ಟಾಪ್ ಮುಚ್ಚಿ ಹೊರಟೆ. ಕತ್ತಲಾಗೋ ಹೊತ್ತಿಗೆ ಶುರುವಾಯ್ತು. ಜಡಿಮಳೆ. ತಗಡಿನ ಮೇಲೆ ಬೀಳೋ ಸದ್ದಿಗೆ ಮೇಕೆಗಳು ಗಾಬರಿಯಾಗಿ ಒಂದು ಮೂಲೆ ಸೇರಿದವು. ಆ ವರ್ಷ ಹುಟ್ಟಿದ ಮರಿಗಳಿಗೆ ಅಂಥ ಸದ್ದು ಹೊಸದು.

ಬೂಟು ಹಾಕಿ ಟಾರ್ಚ್ ಹಿಡಿದು ಹೊರಗೆ ಬಂದೆ. ಕಲ್ಲು ರಾಶಿ ಮುಂದೆ ಬಯಲಲ್ಲಿ ದೊಡ್ಡ ಗಿಲಕಿ. ಸಿಂಬೆ ಸುತ್ತಿದೆ, ಆದ್ರೆ ಯಾವಾಗಿನ ಹಾಗಲ್ಲ. ಮೈಯನ್ನು ಚಪ್ಪಟೆ ಮಾಡಿ ತಟ್ಟೆಯ ಹಾಗೆ ಹರಡಿದೆ. ಸುತ್ತುಗಳ ನಡುವೆ ನೀರು ನಿಂತಿದೆ. ತಲೆ ತಗ್ಗಿಸಿ, ತನ್ನ ಮೈ ಮೇಲಿಂದಲೇ, ಹುರುಪೆ ಹುರುಪೆಯ ಉದ್ದಕ್ಕೂ ಬಾಯಿ ಸರಿಸ್ತಾ ಕುಡೀತಿದೆ. ಈ ಹಾವು ಹೀಗೆ ಮಳೆ ಹಿಡಿದು ಕುಡಿಯುತ್ತೆ ಅಂತ ಓದಿದ್ದೆ, ನೋಡಿದ್ದು ಇದೇ ಮೊದಲು. ಟಾರ್ಚ್ ಬೆಳಕು ಬಿದ್ದರೂ ಸದ್ದು ಮಾಡಲಿಲ್ಲ. ನಾನು ಹದಿನೈದು ಅಡಿ ದೂರದಲ್ಲಿ ತೋಯ್ತಾ ನಿಂತಿದ್ದೆ.

ಆಮೇಲೆ ಟ್ಯಾಂಕ್ ನೆನಪಾಯ್ತು. ಓಡಿ ಹೋಗಿ ನೋಡಿದೆ. ದೋಣಿಯಲ್ಲಿ ನೀರು ಭೋರ್ ಅಂತ ಹರಿದು ಬಂದು ಅಂಚಿನಿಂದ ನೇರ ನೆಲಕ್ಕೆ ಧುಮುಕ್ತಿತ್ತು. ಟ್ಯಾಂಕಿಗೆ ಹೋಗಬೇಕಾದ ಪೈಪ್, ಪಂಚಮಿ ದಿನ ಎಲ್ಲಿ ಇಟ್ಟಿದ್ದೆನೋ ಅಲ್ಲೇ, ಗೋಡೆಗೆ ಒರಗಿಕೊಂಡಿತ್ತು.