ಕಾಯುವ ತಾಕತ್ತು

ನಾನು ಅಮೆರಿಕದ ಡೆಟ್ರಾಯಿಟ್ ಹತ್ತಿರ ಮನೆ ಮಾಡಿದ್ದು 2007ರಲ್ಲಿ. ಮೂರು ಬೀದಿ ಆಚೆ ಗಂಡ ಹೆಂಡತಿ ಇಬ್ಬರೇ ನಡೆಸುವ ತಿಂಡಿ ಹೋಟೆಲ್ ಇತ್ತು. ರಾತ್ರಿ ಪಾಳಿ ಮುಗಿಸಿ ಬರುವ ಕಾರು ಕಾರ್ಖಾನೆಯವರೇ ಗಿರಾಕಿಗಳು.

2008ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ದೊಡ್ಡ ಬ್ಯಾಂಕು ಲೇಮನ್ ಬ್ರದರ್ಸ್ ಮುಳುಗಿತು. ನಮಗೇನು ಅಂದುಕೊಂಡೆ. ಬ್ಯಾಂಕುಗಳು ಕೈ ಬಿಗಿ ಮಾಡಿದವು. ಸಾಲ ಸಿಗದೆ ಜನ ಕಾರು ಕೊಳ್ಳಲಿಲ್ಲ, ಕಾರ್ಖಾನೆಯಲ್ಲಿ ಪಾಳಿ ನಿಂತವು. ಮರುವರ್ಷ ನಮ್ಮ ಮಿಶಿಗನ್ ರಾಜ್ಯದಲ್ಲಿ ನಿರುದ್ಯೋಗ ಶೇ 14 ದಾಟಿತು. ಹೋಟೆಲಿನಲ್ಲಿ ಎರಡು ಕಾವಲಿ ಇದ್ದವು. ಆಮೇಲೆ ಒಂದಕ್ಕೇ ಬೆಂಕಿ.

ಆ ತಣ್ಣಗಿನ ಕಾವಲಿ ನೋಡಿದಾಗ ನಮ್ಮೂರು ನೆನಪಾಯಿತು. ನಾನು ತೀರ್ಥಹಳ್ಳಿ ಕಡೆಯವನು. 2000ನೇ ಇಸವಿ ಹೊತ್ತಿಗೆ ಅಡಿಕೆ ದರ ಬಿದ್ದಿತ್ತಲ್ಲ, ಆಗ ನಮ್ಮದು ಒಂದೂವರೆ ಎಕರೆ ತೋಟ. ಅಡಿಕೆ ಕೊನೆ ಕೊಯ್ಯುವ ಮೊದಲೇ ಅಪ್ಪಯ್ಯ ಮಂಡಿಯಲ್ಲಿ ಮುಂಗಡ ತಂದಾಗಿತ್ತು. ದರ ಎಷ್ಟೇ ಇರಲಿ, ಮೂಟೆ ಶಿವಮೊಗ್ಗಕ್ಕೆ ಹೋಗಲೇಬೇಕು. ಪಕ್ಕದ ದೊಡ್ಡ ತೋಟದವರು ಒಂದು ಚೀಲವನ್ನೂ ಕೊಡಲಿಲ್ಲ. ಅಟ್ಟದಲ್ಲಿಟ್ಟು ದರ ಏರುವವರೆಗೆ ಕಾದರು. ಅವರಿಗೂ ನಷ್ಟ ಆಗಿರಬಹುದು. ಆದರೆ ಕಾಯುವ ತಾಕತ್ತು ಇತ್ತು.

ಸುಲಿಯಲು ಬರುವ ಹೆಂಗಸರ ವಿಷಯ ಹೇಳಲೇಬೇಕು. ಆ ವರ್ಷ ಕೂಲಿ ಉಳಿಸಲು ಅಮ್ಮ, ಅಕ್ಕ, ನಾನು ನಡುರಾತ್ರಿವರೆಗೂ ಕೂತು ಸುಲಿದೆವು. ಒಂದು ಸಂಜೆ ಒಬ್ಬರು ಸುಲಿಯುವ ಮೆಟ್ಟುಗತ್ತಿ ಹಿಡಿದುಕೊಂಡೇ ಅಂಗಳಕ್ಕೆ ಬಂದರು.

“ಅಮ್ಮಾ, ಈ ಸಲ ಕರೀಲೇ ಇಲ್ವಲ್ಲ?”

ಅಮ್ಮ ಏನೂ ಹೇಳಲಿಲ್ಲ. ಕಾಫಿ ಕೊಟ್ಟಳು. ನನ್ನ ಕೈಯಲ್ಲಿ ಅರ್ಧ ಸುಲಿದ ಅಡಿಕೆ ಇತ್ತು. ಅವರು ಅದನ್ನೇ ನೋಡುತ್ತಾ ಕಾಫಿ ಕುಡಿದರು. ನಮಗೆ ಬಿದ್ದ ಪೆಟ್ಟನ್ನು ನಾವು ಅವರ ಮೇಲೆ ದಾಟಿಸಿದ್ದೆವು. ಅದು ನನಗೆ ಅರ್ಥವಾಗಿದ್ದು ಡೆಟ್ರಾಯಿಟ್‌ನಲ್ಲಿ.

ಕಾರು ಕಂಪನಿ ಜನರಲ್ ಮೋಟರ್ಸ್ 2009ರ ಜೂನ್ 1ರಂದು ದಿವಾಳಿ ಅರ್ಜಿ ಹಾಕಿತು. ಹಳೆ ಷೇರುದಾರರ ದುಡ್ಡು ಹೋಯಿತು, ನಿಜ. ಆದರೆ ಸರ್ಕಾರ ಸುಮಾರು 5,000 ಕೋಟಿ ಡಾಲರ್ ಹಾಕಿ ಕಂಪನಿ ಉಳಿಸಿತು. ಜುಲೈ 10ಕ್ಕೆಲ್ಲ ಅದು ಹೊಸದಾಗಿ ಎದ್ದು ನಿಂತಿತು. ಎಷ್ಟೋ ಜನರ ಕೆಲಸ ಉಳಿಯಿತು, ಅದು ಸರಿಯೇ. ಹೋಟೆಲಿನವರು ಕೇಳಿದ್ದು ಆರು ತಿಂಗಳ ಬಾಡಿಗೆಯಷ್ಟು ಸಾಲ. ಬ್ಯಾಂಕು ಕೊಡಲಿಲ್ಲ. ಅದೇ ಬೇಸಿಗೆಯಲ್ಲಿ ಬಾಗಿಲು ಹಾಕಿದರು. ಇವರನ್ನೂ ಉಳಿಸಬಹುದಿತ್ತು ಅಲ್ವಾ?

ಮೊನ್ನೆ ಅಣ್ಣ ಫೋನಿನಲ್ಲಿ ಅಡಿಕೆ ದರ ಹೇಳಿದ. “ಸುಲಿಯೋಕೆ ಈಗ ಯಾರು ಬರ್ತಾರೆ?” ಅಂತ ಕೇಳಿದೆ.

“ಮಿಷನ್ ಬಂತಲ್ಲೋ,” ಅಂದ.