ಬಹುಮಾನವೇ ಇಲ್ಲದಿದ್ದರೆ ರಾತ್ರಿಯೆಲ್ಲ ಸೈಕಲ್ ತುಳಿಯೋದು ಯಾಕೆ?

ಬ್ರೆವೆಗೆ, ಅಂದರೆ ಗೊತ್ತು ಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೊರಟಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಮನೆಯವರು, ಪಕ್ಕದ ಮನೆ ಆಂಟಿ, ಆಫೀಸಿನವರು, ಎಲ್ಲರದ್ದೂ ಒಂದೇ ಮಾತು. "ಗೆದ್ದರೆ ಏನ್ ಕೊಡ್ತಾರೆ? ಏನೂ ಇಲ್ವಾ? ಮತ್ಯಾಕಪ್ಪಾ ಇಷ್ಟೊಂದು ಕಷ್ಟ?"

ಗೊತ್ತಿಲ್ಲದವರಿಗೆ ಹೇಳಬೇಕು. ಬ್ರೆವೆ ರೇಸ್ ಅಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಅಷ್ಟರೊಳಗೆ ಮುಗಿಸಬೇಕು. ಊಟ, ನಿದ್ದೆ, ಪಂಚರ್ ಎಲ್ಲ ಅದರಲ್ಲೇ ಬಂತು. ಮೊದಲು ಮುಗಿಸಿದವರಿಗೂ ಕೊನೆಗೆ ಮುಗಿಸಿದವರಿಗೂ ಒಂದೇ ಮರ್ಯಾದೆ. ನನಗೆ ಇದು ತುಂಬಾ ಹಿಡಿಸಿತು. ಪಕ್ಕದವನನ್ನು ಹಿಂದೆ ಹಾಕುವ ಚಿಂತೆ ಇಲ್ಲದಿದ್ದರೆ ಗಮನವೆಲ್ಲ ನಮ್ಮ ಮೈ ಮೇಲೇ ಇರುತ್ತದೆ.

ನನ್ನ ಉತ್ತರವೂ ಅಲ್ಲೇ ಇದೆ. ಇನ್ನು ಕೈಲಾಗಲ್ಲ ಅನಿಸುತ್ತದಲ್ಲ, ಅದು ನಿಜವಾಗಿ ಎಲ್ಲಿಂದ ಬಂತು ಅಂತ ತಿಳಿಯುವುದು ನನಗೆ ಇಷ್ಟ. ದಿನನಿತ್ಯದಲ್ಲಿ ಹಾಗೆ ಅನಿಸಿದ ಕೂಡಲೇ ಕೆಲಸ ಬಿಟ್ಟು ಕೂತುಬಿಡುತ್ತೇವೆ, ಅಲ್ವಾ? ರಸ್ತೆಯಲ್ಲಿ ಹಾಗೆ ಕೂರೋಕಾಗಲ್ಲ. ಮನೆ ಇನ್ನೂ ದೂರ ಇರುತ್ತದೆ.

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟಾಗ ಎದುರುಗಾಳಿ ಸಿಕ್ಕಿತು ಅಂದುಕೊಳ್ಳಿ. ಎಷ್ಟು ತುಳಿದರೂ ಸೈಕಲ್ ಮುಂದೆ ಹೋಗಲ್ಲ. ಸುಮ್ನೆ ಎಲ್ಲದರ ಮೇಲೂ ಸಿಟ್ಟು. ಹಾರ್ನ್ ಹೊಡೆಯುವ ಲಾರಿ ಮೇಲೆ, ರಸ್ತೆ ಮೇಲೆ, ಪಕ್ಕದಲ್ಲಿ ಆರಾಮಾಗಿ ಮಾತಾಡುತ್ತಾ ಬರುವ ಗೆಳೆಯನ ಮೇಲೆ. ಮೊದಮೊದಲು ಇದನ್ನು ಸುಸ್ತು ಅಂದುಕೊಳ್ಳುತ್ತಿದ್ದೆ. ಎಷ್ಟೋ ಸಲ ಅದು ಬರೀ ಹಸಿವು. ಮಾಂಸಖಂಡದಲ್ಲಿ, ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ಜೋರಾಗಿ ತುಳಿದರೆ ಎರಡು ಗಂಟೆ ಬರುವುದೂ ಕಷ್ಟ. ಅದು ಮುಗಿಯುತ್ತಾ ಬಂದಾಗ ಕಾಲಿನ ಜೊತೆ ಮನಸ್ಸೂ ಕುಸಿಯುತ್ತದೆ. ಎರಡು ಬಾಳೆಹಣ್ಣು, ಒಂದು ಕಡ್ಲೆ ಚಿಕ್ಕಿ, ನಾಲ್ಕು ಗುಟುಕು ನೀರು. ಸ್ವಲ್ಪ ಹೊತ್ತಿಗೆ ಅದೇ ಗಾಳಿ, ಅದೇ ರಸ್ತೆ, ಆದರೆ ಸಿಟ್ಟು ಮಾತ್ರ ಇರಲ್ಲ. ನನ್ನ ಮಿತಿ ಅಂತ ನಾನು ನಂಬಿದ್ದು ಖಾಲಿ ಹೊಟ್ಟೆಯನ್ನು!

ಬೆಳಗಿನ ಜಾವದ ಕಥೆ ಬೇರೆ. ನಾಲ್ಕು ಗಂಟೆ ಹೊತ್ತಿಗೆ ಮೈಯ ಬಿಸಿ ಇಳಿದು ನಿದ್ದೆ ಒತ್ತರಿಸಿಕೊಂಡು ಬರುತ್ತದೆ. ಲೈಟಿನ ಬೆಳಕಲ್ಲಿ ಬಿಳಿ ಪಟ್ಟೆ ಅಲುಗಾಡಿದ ಹಾಗೆ ಕಾಣುತ್ತದೆ. ಆಗ ಹಟ ಮಾಡಬಾರದು. ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಹೆಲ್ಮೆಟ್ ತಲೆಗಿಟ್ಟುಕೊಂಡು ಇಪ್ಪತ್ತು ನಿಮಿಷ ಮಲಗಿದರೆ ಸಾಕು, ಕಾಲು ಮತ್ತೆ ತಿರುಗುತ್ತದೆ.

ನಿಲ್ಲಿಸಲೇಬೇಕಾದ ನೋವೂ ಇದೆ. ತೊಡೆ ಉರಿದರೆ ಗೇರ್ ಇಳಿಸಿ ನಿಧಾನಕ್ಕೆ ಹೋಗಬಹುದು. ಮೊಣಕಾಲಿನಲ್ಲಿ ಚುಚ್ಚಿದ ಹಾಗಾಗಿ, ಪ್ರತಿ ಸುತ್ತಿಗೂ ಜಾಸ್ತಿಯಾದರೆ, ಅಲ್ಲಿಗೇ ಸಾಕು ಮಾಡಿ ಬಸ್ ಹತ್ತುತ್ತೇನೆ. ಎದೆನೋವಂತೂ ಕಾಯುವ ಮಾತೇ ಅಲ್ಲ, ಸೀದಾ ಆಸ್ಪತ್ರೆಗೆ. ಈ ವ್ಯತ್ಯಾಸ ಯಾರೂ ಬಾಯಲ್ಲಿ ಹೇಳಿ ಕಲಿಸೋಕಾಗಲ್ಲ. ನಂದಿ ಬೆಟ್ಟದ ಏರಿನಲ್ಲಿ ಮತ್ತೆ ಮತ್ತೆ ತುಳಿದೇ ನನಗೆ ಅಷ್ಟಿಷ್ಟು ತಿಳಿದಿದ್ದು.

ಮುಂದಿನ ಆಸೆ ಫ್ರಾನ್ಸಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿ. 1891ರಲ್ಲಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಸುಮಾರು 1,200 ಕಿ.ಮೀ., ಹೆಚ್ಚೆಂದರೆ 90 ಗಂಟೆ. ಮೂರನೇ ರಾತ್ರಿ ಮೈ ಏನು ಹೇಳುತ್ತದೆ ಅಂತ ನನಗಿನ್ನೂ ಗೊತ್ತಿಲ್ಲ. ಅದನ್ನು ತಿಳಿಯೋಕೇ ಹೋಗಬೇಕು.